ನಾವು ಕಟ್ಟಿದ ಕಲ್ಲುವೃತ್ತ

ಆಗ ನಮಗೆ ಬೇಸಿಗೆ ಸೂಟಿ ಎಂದರೆ ಊರ ಹಿಂದಿನ ಗುಡ್ಡ. ಅನಗವಾಡಿಯ ಹತ್ತಿರದ ನಮ್ಮ ಊರಿನಿಂದ ಅದರ ನೆತ್ತಿಗೆ ಅರ್ಧ ತಾಸಿನ ಹಾದಿ. ಕಾದ ಬಂಡೆಯ ವಾಸನೆ, ತುಟಿ ಕಪ್ಪಾಗುವಷ್ಟು ಕವಳಿಹಣ್ಣು, ಕೆಳಗೆ ಬಿಸಿಲಿಗೆ ಮಿನುಗುವ ಘಟಪ್ರಭಾ ಹೊಳೆ. ನೆತ್ತಿಯ ಮೇಲೆ ಅಲ್ಲಲ್ಲಿ ಕಲ್ಲುಗಳು ದುಂಡಗೆ ಕೂತಿದ್ದವು. ಹಿರಿಯರು ಅವನ್ನು ಹಳೇ ಮಂದಿಯ ಗೋರಿ ಅನ್ನುತ್ತಿದ್ದರು. ನನಗೂ ಗೆಳತಿ ಶಾಂತಾಳಿಗೂ ಅದು ಆಟದ ಜಾಗ.

ನಾನು ಐದನೇ ಇಯತ್ತೆ ಮುಗಿಸಿದ ವರ್ಷ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಕ್ಕೋರೊಬ್ಬರು ಆ ವೃತ್ತಗಳನ್ನು ಅಳೆಯಲು ಬಂದರು. ಟೇಪಿನ ಒಂದು ತುದಿ ನನ್ನ ಕೈಗೆ, ಇನ್ನೊಂದು ಶಾಂತಾಳ ಕೈಗೆ. ಅವರು ಕಲ್ಲಿಗೊಂದು ಚುಕ್ಕೆಯಿಟ್ಟು ನಕ್ಷೆ ಬರೆಯುತ್ತಿದ್ದರು.

"ಯಾರ ಗೋರಿರಿ ಇವು?" ಎಂದು ಕೇಳಿದೆ.

"ನಿಮ್ಮಂಗ ಇಲ್ಲೇ ಇದ್ದ ಮಂದೀದು. ತಮ್ಮವರು ಸತ್ತರ ಇಷ್ಟು ಎತ್ತರಕ್ಕ ತಂದು ಮಲಗಸ್ತಿದ್ರು."

ನಾಲ್ಕನೇ ದಿನ ಗುಡ್ಡದ ಅಂಚಿನಲ್ಲಿ ಒಂದು ಪುಟ್ಟ ವೃತ್ತ ಕಂಡು ಅಕ್ಕೋರು ನಿಂತುಬಿಟ್ಟರು. "ಇಷ್ಟು ಸಣ್ಣದು ಇನ್ನೊಂದಿಲ್ಲ. ಕೂಸಿಂದಿರಬೇಕು," ಎಂದು ಮೆಲ್ಲಗೆ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

ಅದು ದೀಪಾವಳಿ ಸೂಟಿಯಲ್ಲಿ ನಾವಿಬ್ಬರೂ ಕಟ್ಟಿದ ಗೊಂಬೆಮನೆ. ಪಕ್ಕದ ದೊಡ್ಡ ವೃತ್ತದಿಂದ ಸಣ್ಣವು ನೋಡಿ ಏಳು ಕಲ್ಲು ಕಿತ್ತು ಉರುಳಿಸಿ ತಂದು, ಬುಡಕ್ಕೆ ಮಣ್ಣು ಮೆತ್ತಿದ್ದೆವು. ಶಾಂತಾ ನನ್ನ ಕೈ ಚಿವುಟಿದಳು. "ಹೇಳಬ್ಯಾಡ. ನಾಳಿಂದ ನಮ್ಮನ್ನ ಕರಕೊಂಡು ಬರಂಗಿಲ್ಲ."

ಮಧ್ಯಾಹ್ನ ರೊಟ್ಟಿಗಂಟು ಬಿಚ್ಚಿದರೂ ನನಗೆ ತುತ್ತು ಇಳಿಯಲಿಲ್ಲ. ಅಕ್ಕೋರು ಶೇಂಗಾ ಚಟ್ನಿ ಬಡಿಸುತ್ತ, "ಯಾಕವಾ, ಆರಾಮಿಲ್ಲೇನು?" ಎಂದರು.

"ಅದು ಕೂಸಿಂದಲ್ರಿ ಅಕ್ಕೋರ. ನಾವ ಕಟ್ಟಿದ್ದರಿ." ಅಷ್ಟಕ್ಕೇ ಅಳು ಬಂತು.

ಅವರು ನಕ್ಷೆ ಬಿಚ್ಚಿ, ರಬ್ಬರು ತೆಗೆದು ಆ ವೃತ್ತವನ್ನು ಅಳಿಸಿದರು. "ಹೇಳಿದ್ದು ಛಲೋ ಆತು. ಇಲ್ಲದ ಕೂಸಿನ ಬಗ್ಗೆ ನಾ ಬರಕೋತ ಕುಂದರತಿದ್ದೆ. ಯಾವ ಕಲ್ಲು ಎಲ್ಲಿಂದ ತಂದ್ರಿ, ನೆನಪೈತೇನು?"

ಒಂದಿಷ್ಟು ನೆನಪಿತ್ತು. ಉಳಿದದ್ದನ್ನು ಅಕ್ಕೋರು ಕಲ್ಲಿನಲ್ಲೇ ತೋರಿಸಿದರು: ಮಣ್ಣಲ್ಲಿ ಹೂತಿದ್ದ ಭಾಗ ಕೆಂಪು, ಬಿಸಿಲಿಗಿದ್ದದ್ದು ಕಪ್ಪು. ದೊಡ್ಡ ವೃತ್ತದಲ್ಲಿ ನಾವು ಕಲ್ಲು ಕಿತ್ತ ಕುಣಿಗಳು ಇನ್ನೂ ಮುಚ್ಚಿರಲಿಲ್ಲ; ಕೆಂಪು ಭಾಗ ಸರಿಯಾಗಿ ಕೂರುವ ಕುಣಿಯೇ ಆ ಕಲ್ಲಿನದು. ಸಂಜೆಯೊಳಗೆ ಮೂವರೂ ಸೇರಿ ಏಳನ್ನೂ ಅಲ್ಲೇ ಕೂಡಿಸಿದೆವು. ಕಿತ್ತವರು, ಮರಳಿ ಇಟ್ಟವರು ಎಂದು ಅಕ್ಕೋರು ನಕ್ಷೆಯ ಅಂಚಿನಲ್ಲಿ ನಮ್ಮಿಬ್ಬರ ಹೆಸರು ಬರೆದರು. ಶಾಂತಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ನನಗಿಂತ ಮೊದಲೇ ಬಂದು ಅಕ್ಕೋರ ಚೀಲ ಹೊತ್ತಳು.

ಈಗ ಗುಡ್ಡದ ಪೂರ್ವದ ಮಗ್ಗುಲು ಯಂತ್ರಗಳಿಗೆ ಸಿಕ್ಕು, ಗರಸುಮಣ್ಣಾಗಿ ರಸ್ತೆಗಳ ಕೆಳಗೆ ಸೇರಿದೆ. ಅಲ್ಲಿದ್ದ ವೃತ್ತಗಳು ಅಕ್ಕೋರ ಹಾಳೆಗಳಲ್ಲಿ ಮಾತ್ರ ಉಳಿದಿವೆ. ಅಕ್ಕೋರೂ ಇಲ್ಲ. ಶಾಂತಾ ಮುಧೋಳದಲ್ಲಿ ಮಾಸ್ತರಿಣಿ. ಹೋದ ಚಳಿಗಾಲ ಅವಳ ಸಾಲಿಯ ಮಕ್ಕಳೊಂದಿಗೆ ಪಶ್ಚಿಮದ ಮಗ್ಗುಲಿಗೆ ಹತ್ತಿದೆವು. ಒಣಹುಲ್ಲಿನೊಳಗೆ, ಅಕ್ಕೋರಿಗೂ ಕಾಣದೆ ಉಳಿದಿದ್ದ ದೊಡ್ಡ ವೃತ್ತವೊಂದು ಸಿಕ್ಕಿತು. ಮಕ್ಕಳೇ ಅಳೆದರು, ಮಕ್ಕಳೇ ಬರೆದರು. "ಇನ್ನ ಆ ಕಡೆ ನೋಡೇ ಇಲ್ಲರೀ," ಎನ್ನುತ್ತ, ಬಿಸಿಲು ಇಳಿದರೂ ಒಬ್ಬರೂ ಕೆಳಗಿಳಿಯಲು ಒಪ್ಪಲಿಲ್ಲ.