ತಂಪು ಮನೆಗಳ ತಪಾಸಣೆ ಸಾಹೇಬರು
ಸರ್ಕಾರದ ಅಗ್ಗದ ಬಡ್ಡಿಯ ಸಾಲದಲ್ಲಿ ಸೂರಿಗೆ ಶಾಖ ತಡೆಯುವ ಹೊದಿಕೆ, ಕಿಟಕಿಗೆ ಜೋಡಿ ಗಾಜು ಹಾಕಿಸಿಕೊಂಡವರ ಮನೆಗೆ ತಪಾಸಣೆಗೆ ಬರುವ ಸಾಹೇಬರಿಗೆ ಬೀದಿಯವರು ಇಟ್ಟ ಹೆಸರು ಹೊಟ್ಟೆಕಿಚ್ಚಪ್ಪ. ಅವರು ಬರುವುದು ನಡುಮಧ್ಯಾಹ್ನವೇ. ಹೊಸ್ತಿಲು ದಾಟಿದ್ದೇ ತಡ ಅಂಗೈಯನ್ನು ಗೋಡೆಗೆ ಒತ್ತುತ್ತಾರೆ, ತಣ್ಣಗಿದ್ದರೆ ಮುಖ ಸಿಂಡರಿಸಿ, "ಇಷ್ಟು ತಂಪು ಯಾಕ್ರೀ? ಇಲ್ಲಿ ಮನುಷ್ಯರಿರ್ತಾರೋ, ತರಕಾರಿ ಇಡ್ತೀರೋ?" ಎನ್ನುತ್ತಾರೆ. ಕಿಟಕಿಯನ್ನು ಹತ್ತು ಸಲ ತೆಗೆದು ಮುಚ್ಚಿ, ಏಣಿ ಹತ್ತಿ ಅಟ್ಟದ ಮೂಲೆಗೆ ಟಾರ್ಚ್ ಬಿಟ್ಟು, ಕೂದಲೆಳೆಯಷ್ಟು ಸಂದು ಕಂಡರೂ ನಿಧಿ ಸಿಕ್ಕವರಂತೆ ಹಿಗ್ಗುತ್ತಾರೆ. ಆದರೆ ಇಂದಿನವರೆಗೆ ಒಂದು ಅರ್ಜಿಯನ್ನೂ ತಳ್ಳಿಹಾಕಿದವರಲ್ಲ. ಆ ಸಂದಿಗೆ ತಾವೇ ಅಂಟು ಮೆತ್ತಿ, ಗೊಣಗುತ್ತಲೇ ರುಜು ಹಾಕುತ್ತಾರೆ. ರುಜು ಹಾಕಿದ ಮೇಲೂ ಕುರ್ಚಿ ಬಿಟ್ಟು ಏಳಲು ಮಾತ್ರ ಮನಸ್ಸು ಬರುವುದಿಲ್ಲ. ಹಾಗೆ ಕೂತಿದ್ದಾಗ ಒಮ್ಮೆ ಬಟ್ಟೆ ಹೊಲಿಯುವ ಒಬ್ಬಾಕೆ, "ನಿಮ್ಮನೇಗೂ ಮಾಡಿಸಿರ್ಬೇಕು ಅಲ್ವಾ ಸಾರ್?" ಎಂದು ಕೇಳಿಯೇಬಿಟ್ಟಳು. ಸಾಹೇಬರು ನೆಲ ನೋಡಿದರು. "ನಮ್ದು ಬಾಡಿಗೆ ಮನೆ ಕಣಮ್ಮ. ತಗಡಿನ ಸೂರು. ಸಾಲ ಸಿಗೋದು ಮಾಲೀಕರಿಗೆ. ಕೈ ಮುಗಿದು ಕೇಳ್ದೆ. ಮಾಡಿಸ್ತೀನಿ, ಆಮೇಲೆ ಬಾಡಿಗೆ ಒಂದೂವರೆಪಟ್ಟು ಅಂದ್ರು. ಬೇಡ ಅಂದೆ. ಕಾಯಿಲೆಯವಳು, ನನ್ನ ಹೆಂಡ್ತಿ, ಒದ್ದೆ ಬಟ್ಟೆ ಹೊದ್ದು ಮಲಗಿರ್ತಾಳೆ." ಆಕೆ ಹೊಲಿಗೆ ನಿಲ್ಲಿಸಿ, "ಮಧ್ಯಾಹ್ನ ನಾನೊಬ್ಳೇ ಇರೋದು. ಅವರನ್ನ ಇಲ್ಲಿಗೆ ಕಳ್ಸಿ," ಎಂದಳು. ಮರುದಿನದಿಂದ ಸಾಹೇಬರ ಹೆಂಡತಿ ಮಧ್ಯಾಹ್ನ ಅಲ್ಲೇ ಮಲಗುತ್ತಾಳೆ. ಸಂಜೆ ತಮ್ಮ ತಗಡಿನ ಸೂರಿನಡಿ ಸಾಹೇಬರು ಬೆವರೊರೆಸಿಕೊಳ್ಳುತ್ತಾ, "ನಿದ್ದೆ ಬಂತಾ?" ಎಂದು ಕೇಳುತ್ತಾರೆ. "ಬಂತು ರೀ. ಚಳಿಯಾಗಿ ಶಾಲು ಹೊದ್ಕೊಂಡೆ," ಎಂದು ಆಕೆ ನಕ್ಕ ದಿನ, ಊಟವಾಗುವವರೆಗೂ ಹೊಟ್ಟೆಕಿಚ್ಚಪ್ಪನವರು ಹೆಂಡತಿಯೊಡನೆ ಮಾತು ಬಿಡುತ್ತಾರೆ.