ಒಂದೇ ಕಾಲಿನ ಗೆಜ್ಜೆ ಸದ್ದು

ಮರಿಮೊಮ್ಮಗನಿಗೆ ಹಚ್ಚಲೆಂದು ಸೊಸೆ ಹರಳೆಣ್ಣೆ ಬೆಚ್ಚಗೆ ಮಾಡಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಲಕ್ಷ್ಮೇಶ್ವರದ ನಮ್ಮ ಪಕ್ಕದ ಮನೆಯ ವೈನಿ ನೆನಪಾದರು. ಶಾಲೆಯ ಮಾಸ್ತರರ ಹೆಂಡತಿ, ನಮಗೆಲ್ಲ ಅತ್ತಿಗೆಯಿದ್ದಂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೆ, ಆಗಲೇ ಮಡಿಲಲ್ಲೊಂದು ಹೆಣ್ಣು ಕೂಸು...

ಕನ್ನಡ ನಾಡು ಒಂದಾಗಬೇಕೆಂದು ಊರೂರಲ್ಲಿ ಸಭೆ ನಡೆಯುತ್ತಿದ್ದ ಕಾಲ. ಕೂಸು ಬಲು ಸಮಾಧಾನದ್ದು ಎಂದು ಓಣಿಯೆಲ್ಲ ಹೊಗಳುತ್ತಿತ್ತು. ವೈನಿಗೆ ಮಾತ್ರ ಆ ಸಮಾಧಾನ ಸೇರುತ್ತಿರಲಿಲ್ಲ. ಹರಳೆಣ್ಣೆ ತಿಕ್ಕುವಾಗ ಎಡಗಾಲು ಬಿಗಿಯಾಗಿರುತ್ತದೆ, ಒದೆಯುವುದೆಲ್ಲ ಬಲಗಾಲೇ ಎನ್ನುತ್ತಿದ್ದರು. ಬಾಣಂತಿಯ ಭ್ರಮೆ ಎಂದು ಅವರ ಅತ್ತೆ ನಕ್ಕುಬಿಟ್ಟರು. ವೈನಿ ಒಂದು ಕಾಲಿಗೆ ಹೊಸ ಗೆಜ್ಜೆ, ಇನ್ನೊಂದಕ್ಕೆ ಒಡಕು ದನಿಯ ಹಳೆಯದು ಕಟ್ಟಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತೊಟ್ಟಿಲಿಗೆ ಕಿವಿಗೊಡುತ್ತಿದ್ದರು. ಅದಲು ಬದಲು ಮಾಡಿ ಕಟ್ಟಿದರೂ ಎಡಗಾಲಿನದು ಸದ್ದು ಮಾಡಲಿಲ್ಲ.

“ಗದಗಿನ ದವಾಖಾನಿಗೆ ಒಮ್ಮೆ ತೋರಿಸ್ಕೊಂಡ ಬರೋಣ್ರಿ,” ಎಂದು ನನ್ನೆದುರಿಗೇ ಅತ್ತೆಯನ್ನು ಬೇಡಿಕೊಂಡರು.

“ಜಾವಳ ಆಗೋತನಕ ಕೂಸು ಊರ ಸೀಮಿ ದಾಟಂಗಿಲ್ಲ. ನಮ್ಮ ಮನಿಯಾಗ ಮೊದಲಿಂದ ಹಂಗ ನಡದ ಬಂದೈತಿ.”

ಮೊದಲ ಕೂದಲು ತೆಗೆಸುವ ಜಾವಳ ಡಂಬಳದ ಮನೆದೇವರಲ್ಲಿ ಆಗಬೇಕು, ಕೂಸು ಮೊದಲ ಸಲ ಹೊರಡುವುದು ಆ ದೇವರ ಕಡೆಗೇ. ನಾಡು ಒಂದು ಮಾಡಲು ಶಿರಹಟ್ಟಿ, ಮುಂಡರಗಿ ಎಂದು ಸುತ್ತುತ್ತಿದ್ದ ಮಾಸ್ತರರಿಗೆ ಜಾವಳಕ್ಕೊಂದು ದಿನ ಗೊತ್ತುಮಾಡಲು ಪುರುಸೊತ್ತಾಗಲಿಲ್ಲ. ದೇಶಭಕ್ತರು, ಬೈಯುವ ಹಾಗೂ ಇಲ್ಲ!

ನಾಡು ಒಂದಾಯಿತು, ಓಣಿಯಲ್ಲಿ ಪೇಢೆ ಹಂಚಿದರು, ಆಮೇಲೆ ಜಾವಳವೂ ಆಯಿತು. ಅಷ್ಟರಲ್ಲಿ ಹುಡುಗಿ ಒಂದು ಕಾಲು ಎಳೆದುಕೊಂಡು ತೆವಳುತ್ತಿದ್ದಳು. ಗದಗಿನ ಡಾಕ್ಟರು ನೋಡಿ, “ದೋಷ ಕಾಲಿಂದಲ್ಲವ್ವಾ, ಮಿದುಳಿಂದು. ಸಣ್ಣ ಕೂಸಿದ್ದಾಗ ತಂದಿದ್ರ ತಿದ್ದಾಕ ನೋಡಬಹುದಿತ್ತು,” ಎಂದರಂತೆ. ಹುಡುಗಿ ಕಾಲೆಳೆಯುತ್ತಲೇ ಬೆಳೆದಳು. ವೈನಿ ಮುದುಕಿಯಾದ ಮೇಲೂ, “ನಾ ಒಬ್ಬಾಕಿನ ಎತ್ಕೊಂಡು ಹೋಗಿಬಿಡಬೇಕಿತ್ತಲ್ಲ,” ಎಂದು ಹಲುಬುತ್ತಿದ್ದರು. ಅವರು ಹೋಗಿಯೂ ಬಹಳ ವರ್ಷಗಳಾದವು...

ಮೊನ್ನೆ ಅದೇ ಗದಗಿನಲ್ಲಿ ಡಾಕ್ಟರ್ ಹುಡುಗಿಯೊಬ್ಬಳು ಮರಿಮೊಮ್ಮಗನನ್ನು ಬರಿಮೈಯಲ್ಲಿ ಚಾಪೆಯ ಮೇಲೆ ಮಲಗಿಸಿ, ಮುಟ್ಟದೆ, ಅವನು ಕೈಕಾಲು ಆಡಿಸುವುದನ್ನಷ್ಟೇ ನೋಡುತ್ತ ಕುಳಿತಳು. ಮೂರು ತಿಂಗಳ ಕೂಸಿಗೆ ಇದೇನು ಎಂದು ಕೇಳಿದೆ.

“ದೋಷ ಇದ್ದದ್ದು ಈಗ ಗೊತ್ತಾದ್ರ ಏನರ ಮಾಡಾಕ ಬರ್ತೈತ್ರಿ, ಅಜ್ಜಿ.”

ವೈನಿಗೂ ಗೊತ್ತಾಗಿದ್ದು ತಮ್ಮ ಕೂಸು ಇಷ್ಟೇ ಇದ್ದಾಗ. ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಆ ಹುಡುಗಿ ಗಾಬರಿಯಾಗಿ ನನ್ನ ಬೆನ್ನು ಸವರಿ, “ಅಳಬ್ಯಾಡ್ರಿ ಅಜ್ಜಿ, ಕೂಸು ಆರಾಮ ಐತಿ,” ಎಂದಳು.