ಬಾಟಲಿಗೂ ವಿಭೂತಿ

ಗೋಪನಕೊಪ್ಪದ ಟ್ರ್ಯಾಕ್ಟರ್ ಮಿಸ್ತ್ರಿ ಹಳೆಯ ಗಾಡಿ ಬಂದರೆ ಮೊದಲು ಆಯಿಲ್ ನೋಡುವ ಕಡ್ಡಿ ಎಳೆಯುತ್ತಿದ್ದರು. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ, "ವಯಸ್ಸ ನೋಡಿ ಎಣ್ಣಿ ಹಾಕೂಣ್ರಿ" ಎನ್ನುತ್ತಿದ್ದರು.

ಅಪ್ಪನ ಟ್ರ್ಯಾಕ್ಟರಿಗೆ ಮತ್ತೆ ಜೀವ ಕೊಡುವ ಹುರುಪಿನಲ್ಲಿ ನಾನು ಮೊಬೈಲಿನಲ್ಲಿ ನೋಡಿ, ಇಂಜಿನ್ ತೊಳೆಯುವ ದ್ರಾವಣದ ಬಾಟಲಿಯೊಂದನ್ನು ಒಯ್ದಿದ್ದೆ.

"ಇದನ್ನ ಹಾಕಿದ್ರ ಹೊಸದರಂಗ ಆಗತೈತಂತ್ರಿ," ಎಂದೆ.

"ಬ್ಯಾಡ್ರಿ ಸರ. ಸಂದಿಯೆಲ್ಲಾ ಹಳೇ ಜಿಡ್ಡೇ ಮುಚ್ಚೈತಿ. ಅದನ್ನ ತೊಳದ್ರ ನಾಕೂ ಕಡೆ ಸೋರತೈತಿ," ಎಂದು ಬಾಟಲಿಯನ್ನು ಹಲಗೆಯ ಮೇಲಿಟ್ಟರು. ನನ್ನಂಥ ಜಾಣರು ತಂದ ಬಾಟಲಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳವೂ ತೆರೆದಿರಲಿಲ್ಲ. ಆಮೇಲೆ ಅವರು ದಪ್ಪನೆಯ ಆಯಿಲ್ ಸುರಿದರು. ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗುಟ್ಟತೊಡಗಿತು.

ಆಯುಧಪೂಜೆಯ ದಿನ ಹೋದಾಗ ನೋಡುತ್ತೇನೆ, ಪಾನಾ, ಸುತ್ತಿಗೆಗಳ ಜೊತೆ ಆ ಬಾಟಲಿಗಳಿಗೂ ವಿಭೂತಿ ಬಳಿದು ಚೆಂಡುಹೂ ಏರಿಸಿದ್ದಾರೆ!

"ಇವೇನ್ ಕೆಲಸ ಮಾಡ್ಯಾವ್ರಿ?" ಎಂದು ಕೇಳಿದೆ.

ಮಿಸ್ತ್ರಿ ಆರತಿ ಎತ್ತುತ್ತಲೇ ನಕ್ಕರು. "ಸುಮ್ಮನ ಕುಂತಾವಲ್ರಿ ಸರ! ಅದರಿಂದನ ಎಷ್ಟು ಇಂಜಿನ್ ಉಳದಾವ!"